ವೀಸಾ–ಪಿಆರ್ ಪ್ರಶ್ನೋತ್ತರ: ಅಂಕಪಟ್ಟಿಯ ಹೆಸರು, ಮದುವೆಯ ದಿನ, ಊರಿನ ತೋಟ

ಪ್ರಶ್ನೆ: ನನಗೆ 31 ವರ್ಷ. ಬಿಇ ಮುಗಿಸಿ ಆರು ವರ್ಷದಿಂದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಹೆಂಡತಿ ಎಂಕಾಂ ಓದಿದ್ದಾಳೆ. ಕೆನಡಾ ಪಿಆರ್‌ಗೆ (ಕಾಯಂ ವಾಸದ ಪರವಾನಗಿಗೆ) ಅರ್ಜಿ ಹಾಕಬೇಕೆಂದಿದ್ದೇವೆ. ನನ್ನ ಅಂಕಪಟ್ಟಿಯಲ್ಲಿ ಇನಿಶಿಯಲ್ ಇದೆ, ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರು. ಅವಳ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರೇ ಇಲ್ಲ. ಎಲ್ಲಿಂದ ಶುರು ಮಾಡಲಿ?
— ಶಿರಸಿ

ಉತ್ತರ: ಹೆಸರಿನಿಂದಲೇ ಶುರು ಮಾಡಿ. ನಮ್ಮ ಜಿಲ್ಲೆಯ ಅರ್ಜಿಗಳಲ್ಲಿ ತೊಡಕಾಗುವ ಮೊದಲ ಜಾಗ ಇದೇ. ಅಂಕಪಟ್ಟಿಯಲ್ಲಿ ‘ಜಿ. ಆರ್. ಹೆಗಡೆ’, ಪಾಸ್‌ಪೋರ್ಟಿನಲ್ಲಿ ‘ಗಣಪತಿ ರಾಮಚಂದ್ರ ಹೆಗಡೆ’, ಆಧಾರಿನಲ್ಲಿ ಇಂಗ್ಲಿಷ್ ಕಾಗುಣಿತಕ್ಕೆ ಒಂದು ‘ಎ’ ಹೆಚ್ಚು. ಮೂರೂ ನೀವೇ ಎಂಬುದು ಊರಿಗೆ ಗೊತ್ತು, ಕಡತ ನೋಡುವ ಅಧಿಕಾರಿಗೆ ಗೊತ್ತಿಲ್ಲ. ಪಾಸ್‌ಪೋರ್ಟನ್ನೇ ಮೂಲವಾಗಿಟ್ಟುಕೊಳ್ಳಿ. ಭಾಷಾ ಪರೀಕ್ಷೆ, ಪದವಿ ಮೌಲ್ಯಮಾಪನ, ಅರ್ಜಿ ಎಲ್ಲವೂ ಅದರಲ್ಲಿ ಇದ್ದ ಹಾಗೇ ಇರಲಿ. ಬೇರೆ ಬೇರೆ ರೂಪದ ಹೆಸರುಗಳೆಲ್ಲ ಒಬ್ಬರದೇ ಎಂದು ಛಾಪಾ ಕಾಗದದ ಮೇಲೆ ನೋಟರಿ ಅಫಿಡವಿಟ್ ಮಾಡಿಸಿ, ಪ್ರತಿಯೊಂದು ರೂಪವನ್ನೂ ಅದರಲ್ಲಿ ಅಕ್ಷರ ಬಿಡದೆ ಬರೆಸಿ. ಅಡ್ಡಹೆಸರಿಲ್ಲದ ಪಾಸ್‌ಪೋರ್ಟಿನಿಂದಲೂ ಅರ್ಜಿ ಹಾಕಬಹುದು. ಇದ್ದ ಹೆಸರನ್ನು ಕುಟುಂಬದ ಹೆಸರಿನ ಜಾಗದಲ್ಲಿ ತುಂಬಿ ಇನ್ನೊಂದನ್ನು ಖಾಲಿ ಬಿಡಬೇಕು. ಆದರೂ ಸಮಯವಿದ್ದರೆ ಪಾಸ್‌ಪೋರ್ಟ್ ಮರುವಿತರಣೆಯಲ್ಲಿ ಅಡ್ಡಹೆಸರು ಸೇರಿಸಿಕೊಳ್ಳುವುದೇ ಮೇಲು. ಅಲ್ಲಿ ಬ್ಯಾಂಕು, ಬಾಡಿಗೆ ಮನೆ, ಚಾಲನಾ ಪರವಾನಗಿ ಎಲ್ಲ ಕಡೆಯೂ ಅದೇ ಪ್ರಶ್ನೆ ಏಳುತ್ತದೆ.

ಆಮೇಲೆ ಪದವಿಯ ಮೌಲ್ಯಮಾಪನ, ಅಂದರೆ ಇಸಿಎ. ಅಂಕಪಟ್ಟಿಯ ದೃಢೀಕೃತ ಪ್ರತಿಗಳು ವಿಶ್ವವಿದ್ಯಾಲಯದಿಂದಲೇ ನೇರವಾಗಿ ಹೋಗಬೇಕು. ನಿಮ್ಮದು ವಿಟಿಯು ಆದರೆ ಬೆಳಗಾವಿ, ಹೆಂಡತಿಯದು ಕರ್ನಾಟಕ ವಿಶ್ವವಿದ್ಯಾಲಯವಾದರೆ ಧಾರವಾಡ. ಕಾಲೇಜಿನ ಪ್ರಾಂಶುಪಾಲರ ಸೀಲಿಗೆ ಅಲ್ಲಿ ಬೆಲೆಯಿಲ್ಲ. ಘಟಿಕೋತ್ಸವದ ಪ್ರಮಾಣಪತ್ರ ತೆಗೆದುಕೊಳ್ಳದೆ ಪ್ರೊವಿಶನಲ್‌ನಲ್ಲೇ ಉಳಿದವರು ಮೊದಲು ಅದನ್ನು ಪಡೆಯಿರಿ. ಇಸಿಎ 5 ವರ್ಷ, ಭಾಷಾ ಪರೀಕ್ಷೆ 2 ವರ್ಷ ಊರ್ಜಿತ. ಹಾಗಾಗಿ ತಡವಾಗುವ ಇಸಿಎ ಮೊದಲು, ಪರೀಕ್ಷೆ ನಂತರ.

ಕೆನಡಾ ವಯಸ್ಸು, ಓದು, ಭಾಷೆ, ಅನುಭವಕ್ಕೆ ಅಂಕ ಹಾಕಿ, ಹೆಚ್ಚು ಅಂಕದವರಿಗೆ ಪಿಆರ್ ಅರ್ಜಿಗೆ ಕರೆ ಕಳಿಸುತ್ತದೆ. ಇಂಗ್ಲಿಷ್ ಪರೀಕ್ಷೆಗೆ ಕೂರುವಾಗ ಐಇಎಲ್‌ಟಿಎಸ್ ಜನರಲ್ ಆರಿಸಿ, ಅಕಾಡೆಮಿಕ್ ನಡೆಯುವುದಿಲ್ಲ. ಗುರಿ ಸಿಎಲ್‌ಬಿ (ಕೆನಡಾದ ಭಾಷಾ ಮಟ್ಟದ ಅಳತೆ) 9: ಐಇಎಲ್‌ಟಿಎಸ್‌ನಲ್ಲಿ ಕೇಳುವುದಕ್ಕೆ 8, ಓದು, ಬರಹ, ಮಾತು ಮೂರಕ್ಕೂ 7. ಒಂದು ಪದವಿ ಮತ್ತು ಮೂರು ವರ್ಷಕ್ಕೆ ಮೇಲ್ಪಟ್ಟ ಅನುಭವ ಇರುವವರಿಗೆ ಸಿಎಲ್‌ಬಿ 7ರಲ್ಲಿ ಕೌಶಲ ವರ್ಗಾವಣೆಯ (ಓದು, ಅನುಭವಗಳನ್ನು ಭಾಷೆಯೊಂದಿಗೆ ಕೂಡಿಸಿ ಕೊಡುವ) ಬಾಬ್ತು 38 ಅಂಕ, 9ರಲ್ಲಿ 75. ನಾಲ್ಕರಲ್ಲೂ ಸಿಎಲ್‌ಬಿ 9 ಮುಟ್ಟಬೇಕು. ಕೇಳುವುದರಲ್ಲಿ 7.5 ಬಂದರೂ ಆ ಹೆಚ್ಚುವರಿ ತಪ್ಪಿತು. ವಯಸ್ಸಿನ ಕಡೆಯಿಂದಲೂ ಸೋರಿಕೆ ಇದೆ. 30 ದಾಟಿದ ಮೇಲೆ 40ರವರೆಗೆ ಪ್ರತಿ ಹುಟ್ಟುಹಬ್ಬಕ್ಕೆ 5 ಅಂಕ ಹೋಗುತ್ತದೆ. ಹೆಂಡತಿ ಒಂದು ವರ್ಷವಾದರೂ ಎಡೆಬಿಡದೆ ಕುಶಲ ಕೆಲಸ ಮಾಡಿದ್ದರೆ ಅವಳನ್ನು ಮುಖ್ಯ ಅರ್ಜಿದಾರಳಾಗಿಟ್ಟೂ ಲೆಕ್ಕ ಹಾಕಿ ನೋಡಿ. ಇಲ್ಲವಾದರೆ ಅವಳ ಭಾಷಾ ಪರೀಕ್ಷೆಗೆ 20, ಓದಿಗೆ 10 ಅಂಕದವರೆಗೆ ನಿಮ್ಮ ಲೆಕ್ಕಕ್ಕೆ ಸೇರುತ್ತದೆ.

ಇದನ್ನು ಮುಚ್ಚಿಡುವುದು ಸರಿಯಲ್ಲ: 2025ರಲ್ಲಿ ಕರೆ ಹೋದದ್ದು ಹೆಚ್ಚಾಗಿ ಕೆನಡಾದಲ್ಲೇ ಕೆಲಸ ಮಾಡಿದವರಿಗೆ, ಪ್ರಾಂತ್ಯಗಳು ಆರಿಸಿದವರಿಗೆ, ಫ್ರೆಂಚ್ ಬಲ್ಲವರಿಗೆ, ಆರೋಗ್ಯ ಕ್ಷೇತ್ರದವರಿಗೆ. ಸಾಫ್ಟ್‌ವೇರಿನವರು ಪ್ರಾಂತ್ಯದ ನಾಮನಿರ್ದೇಶನವನ್ನೂ ಜೊತೆಗೇ ನೋಡಬೇಕು. ‘ಜಾಬ್ ಆಫರ್ ಕೊಡಿಸ್ತೇವೆ, ಅಂಕ ಬರ್ತದೆ’ ಎನ್ನುವವರಿಗೆ ದುಡ್ಡು ಕೊಡಬೇಡಿ. ಆ ಅಂಕಗಳನ್ನು 2025ರ ಮಾರ್ಚ್ 25ರಿಂದಲೇ ತೆಗೆದುಹಾಕಲಾಗಿದೆ. ಸುಳ್ಳು ಪತ್ರ ಸಿಕ್ಕಿಬಿದ್ದರೆ 5 ವರ್ಷ ಅರ್ಜಿಗೇ ಬಾಗಿಲು ಮುಚ್ಚುತ್ತದೆ.

ಕರೆ ಬಂದ ಮೇಲೆ ಇರುವುದು 60 ದಿನ. ಕಂಪನಿಯ ಪತ್ರದಲ್ಲಿ ಹುದ್ದೆ, ದಿನಾಂಕ, ವಾರಕ್ಕೆ ಎಷ್ಟು ತಾಸು, ಸಂಬಳ, ಮಾಡಿದ ಕೆಲಸಗಳ ವಿವರ ಇರಬೇಕು. ಎಚ್‌ಆರ್ ಕೊಡುವ ಮೂರು ಸಾಲಿನ ಪತ್ರ ಸಾಲದು. ಬ್ಯಾಂಕಿನ ಪತ್ರ 6 ತಿಂಗಳ ಸರಾಸರಿ ಶಿಲ್ಕು ತೋರಿಸಬೇಕು. ಅಪ್ಪ ಚಾಲಿ ಅಡಿಕೆ ಮಾರಿ ಒಮ್ಮೆಲೇ ದೊಡ್ಡ ಮೊತ್ತ ನಿಮ್ಮ ಖಾತೆಗೆ ಹಾಕಿದ್ದರೆ, ಸಂಘದ ವಿಕ್ರಿ ಬಿಲ್ಲು ಮತ್ತು ‘ಮರಳಿ ಕೊಡಬೇಕಿಲ್ಲ’ ಎಂಬ ಉಡುಗೊರೆ ಪತ್ರ ಎರಡನ್ನೂ ಲಗತ್ತಿಸಿ. ಸಾಲದ ಹಣ, ತೋಟದ ಬೆಲೆ ಇವು ಲೆಕ್ಕಕ್ಕೆ ಬರುವುದಿಲ್ಲ.

ಪ್ರಶ್ನೆ: ಮಗ ಅವಿವಾಹಿತನೆಂದು ಕೆನಡಾ ಪಿಆರ್ ಅರ್ಜಿ ಹಾಕಿದ್ದಾನೆ, ಇನ್ನೂ ಬಂದಿಲ್ಲ. ಈಗ ಮದುವೆ ಗಟ್ಟಿಯಾಗಿದೆ. ‘ಸದ್ಯ ಹೇಳಬೇಡಿ, ಅಲ್ಲಿಗೆ ಹೋದ ಮೇಲೆ ಸೊಸೆಯನ್ನು ಕರೆಸಿಕೊಳ್ಳಲಿ’ ಎನ್ನುತ್ತಾರೆ ಏಜೆಂಟರು.
— ಕುಮಟಾ

ಉತ್ತರ: ದಯವಿಟ್ಟು ಆ ಮಾತು ಕೇಳಬೇಡಿ. ಪಿಆರ್ ಪಡೆಯುವ ಹೊತ್ತಿಗೆ ಇದ್ದ ಹೆಂಡತಿಯನ್ನು ಹೇಳದೆ, ಅವಳ ವೈದ್ಯಕೀಯ ಪರೀಕ್ಷೆ ಮಾಡಿಸದೆ ಹೋದರೆ, ಮುಂದೆ ಅವಳನ್ನು ಪತ್ನಿಯೆಂದು ಪ್ರಾಯೋಜಿಸಿ ಕರೆಸಿಕೊಳ್ಳುವ ಹಕ್ಕೇ ಸಾಮಾನ್ಯವಾಗಿ ಹೋಗುತ್ತದೆ. ಜೊತೆಗೆ ಮಾಹಿತಿ ಮುಚ್ಚಿಟ್ಟ ಆರೋಪ ಬೇರೆ. ಅವಳು ಜೊತೆಗೆ ಹೊರಡದಿದ್ದರೂ ಹೇಳಲೇಬೇಕು.

ನಿಶ್ಚಿತಾರ್ಥ ಮದುವೆಯಲ್ಲ, ಅಲ್ಲಿಯವರೆಗೆ ತೊಂದರೆಯಿಲ್ಲ. ಮುಂದೆ ದಾರಿ ಎರಡು. ಪಿಆರ್ ಬರುವ ಮೊದಲೇ ಮದುವೆಯಾದರೆ ಕೂಡಲೇ ತಿಳಿಸಿ, ಸೊಸೆಯನ್ನು ಅದೇ ಅರ್ಜಿಗೆ ಸೇರಿಸುವುದು. ಇಲ್ಲವೇ ಅವನು ಪಿಆರ್ ಆಗಿ ಬಂದ ಮೇಲೆ ಮದುವೆ ಮಾಡಿ, ಆಮೇಲೆ ಪ್ರಾಯೋಜಿಸುವುದು. ಎರಡನೆಯದರಲ್ಲಿ ಮಗ ಕೆನಡಾದಲ್ಲೇ ವಾಸವಿರಬೇಕು, ಅವಳ ಖರ್ಚಿಗೆ 3 ವರ್ಷದ ಜವಾಬ್ದಾರಿ ಬರೆದುಕೊಡಬೇಕು, ನವದಂಪತಿ ತಿಂಗಳುಗಟ್ಟಲೆ ದೂರವಿರಬೇಕು. ನಮ್ಮ ಮಾತು ಕೇಳುವುದಾದರೆ ಮೊದಲನೆಯದು.

ಇನ್ನೊಂದು ಎಚ್ಚರಿಕೆ. ವೀಸಾ ಬೇಗ ಆಗಲೆಂದು ಮುಹೂರ್ತಕ್ಕೆ ಮೊದಲೇ ವಿಶೇಷ ವಿವಾಹ ಕಾಯ್ದೆಯಡಿ ನೋಂದಣಿ ಮಾಡಿಸುವವರಿದ್ದಾರೆ. ಕಾನೂನಿನ ಕಣ್ಣಿಗೆ ಅವರು ಆ ದಿನದಿಂದಲೇ ಗಂಡ ಹೆಂಡತಿ. ಅರ್ಜಿಯಲ್ಲಿ ಆಮಂತ್ರಣ ಪತ್ರಿಕೆಯ ದಿನಾಂಕ ಬರೆದರೆ ಎರಡು ಮದುವೆ ದಿನಾಂಕ ಆಗಿಬಿಡುತ್ತದೆ. ಶಾಸ್ತ್ರೋಕ್ತ ಮದುವೆ ಮುಗಿಸಿ, ಅದೇ ವಾರ ಹಿಂದೂ ವಿವಾಹ ಕಾಯ್ದೆಯಡಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸುವುದು ನೇರವಾದ ದಾರಿ.

ಪ್ರಶ್ನೆ: ಗಂಡನಿಗೆ ಜರ್ಮನಿಯಲ್ಲಿ ಬ್ಲೂ ಕಾರ್ಡ್ (ಉನ್ನತ ಅರ್ಹತೆಯ ನೌಕರರ ವಾಸದ ಪರವಾನಗಿ) ಸಿಕ್ಕಿದೆ. ನಾನು ಜರ್ಮನ್ ಭಾಷೆಯ ಮೊದಲ ಹಂತವಾದ ಎ1 ಪಾಸಾಗಲೇಬೇಕಾ? ಅಲ್ಲಿ ಕೆಲಸ ಮಾಡಬಹುದಾ?
— ಹೊನ್ನಾವರ

ಉತ್ತರ: ಬ್ಲೂ ಕಾರ್ಡ್ ಇದ್ದವರ ಪತ್ನಿಗೆ ವೀಸಾಕ್ಕಾಗಿ ಎ1 ಬೇಕಿಲ್ಲ, ಹೋದ ಮೇಲೆ ಕೆಲಸಕ್ಕೂ ನಿರ್ಬಂಧವಿಲ್ಲ. ನಿಮ್ಮವರು ಬಿ1 ಮಟ್ಟದ ಜರ್ಮನ್ ಕಲಿತರೆ 21 ತಿಂಗಳಿಗೆ, ಎ1 ಮಟ್ಟವಷ್ಟೇ ಇದ್ದರೆ 27 ತಿಂಗಳಿಗೆ ಕಾಯಂ ವಾಸದ ಪರವಾನಗಿಗೆ ಅರ್ಹರು. ನೀವೂ ಇಲ್ಲಿಂದಲೇ ಭಾಷೆ ಶುರು ಮಾಡಿ, ಕೆಲಸ ಹುಡುಕುವಾಗ ಅದರ ಬೆಲೆ ಗೊತ್ತಾಗುತ್ತದೆ.

ಪ್ರಶ್ನೆ: ನಾಲ್ಕು ವರ್ಷ ಗಲ್ಫ್‌ನಲ್ಲಿದ್ದು ಊರಿಗೆ ಬಂದಿದ್ದೇನೆ. ಕೆನಡಾಕ್ಕೆ ಅಲ್ಲಿಯ ಪೊಲೀಸ್ ಪ್ರಮಾಣಪತ್ರವೂ ಬೇಕೇ?
— ಕಾರವಾರ

ಉತ್ತರ: ಬೇಕು. ಕಳೆದ 10 ವರ್ಷಗಳಲ್ಲಿ ಸತತ 6 ತಿಂಗಳು ಅಥವಾ ಹೆಚ್ಚು ಇದ್ದ ಪ್ರತಿ ದೇಶದ್ದೂ ಬೇಕು. ಅಲ್ಲಿಂದ ಹೊರಟ ನಂತರ ಕೊಟ್ಟದ್ದಾಗಿರಬೇಕು. ಹೊರಡುವ ಮೊದಲೇ ಮಾಡಿಸಿಟ್ಟುಕೊಂಡದ್ದನ್ನು ತಿರಸ್ಕರಿಸಬಹುದು. ಹಳೆಯ ಪಾಸ್‌ಪೋರ್ಟ್, ವೀಸಾ ಪುಟ, ಅಲ್ಲಿಯ ಗುರುತಿನ ಚೀಟಿಯ ಪ್ರತಿ ಎಸೆಯಬೇಡಿ. ಭಾರತದ ಪ್ರಮಾಣಪತ್ರ ಪಾಸ್‌ಪೋರ್ಟ್ ಸೇವಾ ಮೂಲಕ ಸಿಗುತ್ತದೆ. ಅದು ಅರ್ಜಿ ಹಾಕುವ ದಿನಕ್ಕೆ 6 ತಿಂಗಳಿಗಿಂತ ಹಳೆಯದಾಗಿರಬಾರದು.

ಪ್ರಶ್ನೆ: ಮಗನಿಗೆ ಪಿಆರ್ ಆದರೆ ನಮ್ಮ ಅಡಿಕೆ ತೋಟ ಅವನ ಹೆಸರಿಗೆ ಮಾಡಲು ಬರುವುದಿಲ್ಲವೇ?
— ಸಿದ್ದಾಪುರ

ಉತ್ತರ: ಪಿಆರ್ ಎಂದರೆ ಪೌರತ್ವವಲ್ಲ, ಅವನು ಭಾರತದ ಪ್ರಜೆಯಾಗಿಯೇ ಇರುತ್ತಾನೆ. ಆದರೆ ಫೆಮಾ, ಅಂದರೆ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ನೋಡುವುದು ವಾಸವನ್ನು. ಉದ್ಯೋಗಕ್ಕೆಂದು ದೇಶ ಬಿಟ್ಟಾಗಲೇ ಅವನು ಅನಿವಾಸಿ. ಅನಿವಾಸಿ ಕೃಷಿ ಭೂಮಿ, ತೋಟ ಕೊಳ್ಳುವಂತಿಲ್ಲ, ದಾನಪತ್ರದ ಮೂಲಕ ಪಡೆಯುವಂತೆಯೂ ಇಲ್ಲ. ವಾರಸಾ ಹಕ್ಕಿನಿಂದ ಅಥವಾ ಮರಣಶಾಸನದಿಂದ ಬಂದರೆ ಅಡ್ಡಿಯಿಲ್ಲ. ಇಲ್ಲಿದ್ದಾಗಲೇ ಅವನ ಹೆಸರಿಗೆ ಆದದ್ದೂ ಉಳಿಯುತ್ತದೆ. ಮುಂದೆ ಮಾರುವುದಾದರೆ ಭಾರತದಲ್ಲೇ ವಾಸವಿರುವವರಿಗೆ ಮಾತ್ರ. ಆದ್ದರಿಂದ ದಾನಪತ್ರ ಮಾಡುವ ಮನಸ್ಸಿದ್ದರೆ ಅವನು ಹೊರಡುವ ಮೊದಲೇ ಮಾಡಿ. ಅವಿಭಕ್ತ ಕುಟುಂಬದ ಆಸ್ತಿಯಾದರೆ ಪಾಲುಪಟ್ಟಿಯ ಬಗ್ಗೆ ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಮಗ ಅಲ್ಲಿಂದ ಅಧಿಕಾರ ಪತ್ರ (ಪವರ್ ಆಫ್ ಅಟಾರ್ನಿ) ಕಳಿಸುವುದಾದರೆ ಭಾರತೀಯ ಕಾನ್ಸುಲೇಟಿನಲ್ಲಿ ಸಹಿ ಮಾಡಿಸಲಿ. ಪತ್ರ ಭಾರತಕ್ಕೆ ಬಂದ 3 ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು.