ಕೇರಳ ನಂಬರ್ ಒನ್, ಮತ್ತೆ ನಿಮಗೇನು ಕಷ್ಟ?

ಮಾರಾಯಾ, ನಿನ್ನ ಪ್ರಶ್ನೆಗೆ ಫೋನಿನಲ್ಲೇ ಉತ್ತರ ಕೊಡಬಹುದಿತ್ತು. ಆದರೆ ಫೋನಿನಲ್ಲಾದರೆ ನನಗೆ ಬೇಗ ಸಿಟ್ಟು ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಕೇಳಿದ್ದು ಇದು: "ಆಸ್ಪತ್ರೆ ಅಂದರೆ ಕೇರಳ, ಓದು ಅಂದರೆ ಕೇರಳ. ನೀವು ಕಾಸರಗೋಡಿನವರು ಮಾತ್ರ ಇನ್ನೂ ಎಂಡೋಸಲ್ಫಾನ್ ಎಂಡೋಸಲ್ಫಾನ್ ಅಂತ ಯಾಕೆ ಕೂಗುತ್ತೀರಿ? ಅಷ್ಟು ಕಷ್ಟ ಇದ್ದರೆ ಈ ಕಡೆ ಬಂದುಬಿಡಿ. ಹೇಗೂ ಕನ್ನಡದವರಲ್ವಾ?"

ಬಂದುಬಿಡಿ ಅನ್ನುವುದು ಬೆಂಗಳೂರಿನಲ್ಲಿ ಕೂತವರಿಗೆ ಸುಲಭ. ನಾವು ಎಲ್ಲಿಗೂ ಹೋದವರೇ ಅಲ್ಲ. ನನ್ನ ಅಜ್ಜ ಹುಟ್ಟಿದ್ದು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. 1956ರ ನವೆಂಬರ್ 1ರಂದು ಮನೆ ಇದ್ದಲ್ಲೇ ಇತ್ತು, ಸರಕಾರ ಬದಲಾಗಿ ಕೇರಳದ್ದಾಯಿತು. 1967ರಲ್ಲಿ ಗಡಿ ತಕರಾರು ನೋಡಲು ನೇಮಿಸಿದ್ದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯಿಂದ ಉತ್ತರಕ್ಕಿರುವ ಭಾಗ ಮೈಸೂರಿಗೆ ಸೇರಲಿ ಅಂತ ಬರೆಯಿತು. ಬರೆದದ್ದು ಬರೆದ ಹಾಗೇ ಉಳಿಯಿತು. ನಮ್ಮ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿ, ಅದನ್ನೇ ಕೇಳುತ್ತ ಕೇಳುತ್ತ 2015ರಲ್ಲಿ ಹೋದರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ, ನೆಂಟಸ್ತಿಕೆಗೆ ಪುತ್ತೂರು, ಆಸ್ಪತ್ರೆಗೆ ಮಂಗಳೂರು. ಇದು ನಮ್ಮ ದಿನನಿತ್ಯ. ವಿವರಿಸುತ್ತ ಕೂರುವುದಿಲ್ಲ.

ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಮದ್ದಿನ ವಿಷಯ ಹೇಳುತ್ತೇನೆ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಕಾರಡ್ಕ, ಮುಳಿಯಾರು, ಹೀಗೆ ಜಿಲ್ಲೆಯ 11 ಪಂಚಾಯತುಗಳ ಗುಡ್ಡಗಳಲ್ಲಿ ಗೇರು ತೋಟ ಇದೆ. ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನ್ ತೋಟ. ಗೇರಿಗೆ ಬರುವ ಟೀ ಸೊಳ್ಳೆ ಅನ್ನುವ ಕೀಟವನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಲ್ಲಿ ಈ ಮದ್ದು ಬಿಟ್ಟರು. ವರ್ಷಕ್ಕೆ ಎರಡು ಮೂರು ಸಲ. ಮೇಲೆ ತೋಟ, ಕೆಳಗೆ ನಾವು. ನಾವು ನೀರು ಕುಡಿಯುವುದು ಸುರಂಗದಿಂದ. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದು, ಒಳಗೆ ಒಸರುವ ನೀರನ್ನು ಹೊರಗೆ ತರುವ ಸುರಂಗ. ಗುಡ್ಡದ ತಲೆಗೆ ಬಿದ್ದದ್ದು ಇಳಿದು ಇಳಿದು ನಮ್ಮ ಕೊಡಪಾನಕ್ಕೇ ಬರಬೇಕು. ಮದ್ದು ಬಿಡುವಾಗ ನೀರಿನ ಮೂಲಗಳನ್ನು ಮುಚ್ಚಿಡಿ ಅಂತ ಸೂಚನೆ ಇತ್ತು. ಬಾವಿಯನ್ನೇನೋ ಮುಚ್ಚಬಹುದು. ಹರಿಯುವ ತೋಡನ್ನು ಯಾವುದರಲ್ಲಿ ಮುಚ್ಚುವುದು?

ಯಾರೂ ಎಚ್ಚರಿಸಲಿಲ್ಲ ಅನ್ನುವಂತಿಲ್ಲ. ನನಗೆ ಹೊಟ್ಟೆ ಉರಿಯುವುದು ಇಲ್ಲಿಯೇ. ಎಣ್ಮಕಜೆಯ ಪಡ್ರೆಯವರೇ ಆದ ಪತ್ರಕರ್ತ ಶ್ರೀಪಡ್ರೆ ಊರಿನಲ್ಲಿ ಕೈಕಾಲು ಸೊಟ್ಟಗಾಗಿ ಹುಟ್ಟಿದ ಕರುಗಳನ್ನು ನೋಡಿ 1980ರ ದಶಕದ ಆರಂಭದಲ್ಲೇ ಬರೆದರು. ಅದೇ ಊರಿನ ಡಾ. ವೈ. ಎಸ್. ಮೋಹನಕುಮಾರ್, ತಮ್ಮ ಕ್ಲಿನಿಕ್ಕಿಗೆ ಬರುವ ಕಾಯಿಲೆಗಳು ಇಷ್ಟು ಸಣ್ಣ ಜಾಗದಲ್ಲಿ ಇಷ್ಟೊಂದು ಯಾಕೆ ಅಂತ 1990ರ ದಶಕದಲ್ಲಿ ಕೇಳತೊಡಗಿದರು. ಪೆರಿಯದಲ್ಲಿ ಕೃಷಿ ಇಲಾಖೆಯಲ್ಲೇ ಕೆಲಸಕ್ಕಿದ್ದ ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋದರು. ಕೊನೆಗೆ ಹೆಲಿಕಾಪ್ಟರ್ ನಿಂತದ್ದು ನಮ್ಮ ಜಿಲ್ಲೆಯ ಹೊಸದುರ್ಗದ ಮುನ್ಸಿಫ್ ಕೋರ್ಟಿನ ಆದೇಶದಿಂದ, 2000ದಲ್ಲಿ. ಅಷ್ಟು ದೊಡ್ಡ ಸರಕಾರಗಳು ಮಾಡದ ಕೆಲಸವನ್ನು ತಾಲೂಕು ಮಟ್ಟದ ಒಂದು ಕೋರ್ಟು ಮಾಡಿತು. ಆ ವಿಷಯದಲ್ಲಿ ನಮಗೆ ಹೆಮ್ಮೆಯಿದೆ, ಬಿಡು.

ದೇಶದ ಮಟ್ಟದ ತಮಾಷೆಯೂ ಕೇಳು. ಈ ಮದ್ದು ತಯಾರಿಸುತ್ತಿದ್ದ ಕಂಪನಿಗಳಲ್ಲಿ ಒಂದು ಕೇಂದ್ರ ಸರಕಾರದ್ದೇ. ಅದರ ಕಾರ್ಖಾನೆ ಇದ್ದದ್ದು ಕೇರಳದ ಏಲೂರಿನಲ್ಲೇ. ಸಿಂಪಡಿಸಿದ್ದು ರಾಜ್ಯ ಸರಕಾರದ ಕಂಪನಿ. 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಪ್ರಪಂಚವೆಲ್ಲ ಸೇರಿ ಇದನ್ನು ನಿಷೇಧಿಸಲು ಕೂತಾಗ, ಬೇಡ ಅಂತ ಎಳೆದಾಡಿದ್ದು ನಮ್ಮ ದೇಶ. ಅದೇ ವಾರ ಕೇರಳದ ಮುಖ್ಯಮಂತ್ರಿ ಅಚ್ಯುತಾನಂದನ್ ನಿಷೇಧ ಬೇಕು ಅಂತ ತಿರುವನಂತಪುರದಲ್ಲಿ ಉಪವಾಸ ಕೂತರು. ಮುಖ್ಯಮಂತ್ರಿಯೇ ಉಪವಾಸ ಕೂತರೆ ನಾವು ಯಾರ ಮುಂದೆ ಕೂರುವುದು? ಮೇ 13ಕ್ಕೆ ಸುಪ್ರೀಂ ಕೋರ್ಟು ದೇಶವಿಡೀ ನಿಲ್ಲಿಸಿತು.

ಎಲ್ಲ ಕಾಯಿಲೆಗೂ ಎಂಡೋಸಲ್ಫಾನ್ ಕಾರಣ ಅಂತ ಹೇಳಲು ಬರುವುದಿಲ್ಲ ಅಂತ ವಾದಿಸುವ ವಿಜ್ಞಾನಿಗಳೂ ಇದ್ದಾರೆ. ಇರಲಿ, ವಾದಿಸಲಿ. ಜನ ವಾಸ ಇರುವಲ್ಲಿ ಇಪ್ಪತ್ತು ವರ್ಷ ಆಕಾಶದಿಂದ ವಿಷ ಸುರಿಯುವ ಮೊದಲು ಅವರು ಆ ವಾದ ಮಾಡಿದ್ದರೆ ಚೆನ್ನಾಗಿತ್ತು.

ಇಷ್ಟು ನಿನಗೆ ಪೇಪರಿನಲ್ಲೂ ಸಿಗುತ್ತದೆ. ಸಿಗದೇ ಇರುವುದು ಸಂತ್ರಸ್ತರ ಪಟ್ಟಿಯ ಕಥೆ. ನಾವು ದಿನಾ ಒದ್ದಾಡುವುದು ಅದರ ಜೊತೆ.

ಇಲ್ಲಿ ಮಗುವಿನ ತಲೆ ದೊಡ್ಡದಾಗಿದೆ, ನಡೆಯಲು ಬರುವುದಿಲ್ಲ ಅಂದರೆ ಸಾಲದು. ಮಗು ಪಟ್ಟಿಯಲ್ಲಿ ಇದೆಯಾ ಅನ್ನುವುದು ಪ್ರಶ್ನೆ. ಪಟ್ಟಿಯಲ್ಲಿ ಇದ್ದರೆ ಪಿಂಚಣಿ, ಚಿಕಿತ್ಸೆ, ಪರಿಹಾರ. ಇಲ್ಲದಿದ್ದರೆ ಅದೇ ಕಾಯಿಲೆ, ಅದೇ ಮನೆ, ಆದರೆ ನೀನು ಸಂತ್ರಸ್ತ ಅಲ್ಲ. ಪಟ್ಟಿಗೆ ಸೇರಲು ವಿಶೇಷ ವೈದ್ಯಕೀಯ ಶಿಬಿರಕ್ಕೆ ಹೋಗಬೇಕು. 2017ರ ಶಿಬಿರದಲ್ಲಿ ಮೊದಲು 1,905 ಜನರನ್ನು ಗುರುತಿಸಿದರು. ಪಟ್ಟಿ ಹೊರಗೆ ಬಂದಾಗ 287 ಜನ ಉಳಿದಿದ್ದರು. ಆಮೇಲೆ ಅಮ್ಮಂದಿರು ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರಕ್ಕೆ ಹೋಗಿ ಸೆಕ್ರೆಟರಿಯೇಟ್ ಎದುರು ಕೂತರು. ಕೂತಾಗ ಪಟ್ಟಿ ಸ್ವಲ್ಪ ಉದ್ದವಾಯಿತು. ಅಲ್ಲಿಗೆ ಕಾಸರಗೋಡಿನಿಂದ 550 ಕಿಲೋಮೀಟರಿಗಿಂತ ಜಾಸ್ತಿ. ಕತ್ತು ನಿಲ್ಲದ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಒಂದು ರಾತ್ರಿ.

ಇನ್ನೊಂದು ಆದೇಶ ಬಂತು. 2011ರ ಅಕ್ಟೋಬರ್ 25ರ ನಂತರ ಹುಟ್ಟಿದವರನ್ನು ಸಂತ್ರಸ್ತರೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ ಅಂತ. ಅಂದರೆ 26ಕ್ಕೆ ಹುಟ್ಟಿದವನು ಬಚಾವ್. ವಿಷಕ್ಕೆ ಕ್ಯಾಲೆಂಡರ್ ಓದಲು ಬರುತ್ತದೆ ಅಂತ ನಮಗೆ ಗೊತ್ತೇ ಇರಲಿಲ್ಲ. ಗಲಾಟೆಯಾದ ಮೇಲೆ ಅದನ್ನು ತಡೆಹಿಡಿದರು.

ಇದು ದೊಡ್ಡ ಲೆಕ್ಕ. ಸಣ್ಣ ಲೆಕ್ಕ ನಮ್ಮ ಕೆಳಗಿನ ಮನೆಯ ಅಕ್ಕನದ್ದು. ಬೀಡಿ ಕಟ್ಟಿ ಬದುಕುವವರು. ಮಗಳಿಗೆ ಮಾತಿಲ್ಲ, ಎದ್ದು ಕೂರಲು ಆಗುವುದಿಲ್ಲ. ಅವಳನ್ನು ಬಿಟ್ಟು ಅಕ್ಕ ಕೂಲಿಗೆ ಹೋಗುವಂತಿಲ್ಲ, ಹಾಗಾಗಿ ಬೀಡಿ. ಶಿಬಿರಕ್ಕೆ ಹೋಗುವಾಗಲೆಲ್ಲ ನನ್ನನ್ನು ಕರೆಯುತ್ತಾರೆ. ಡಾಕ್ಟರು ಮಲಯಾಳದಲ್ಲಿ ಕೇಳುತ್ತಾರೆ, ಅಕ್ಕ ತುಳುವಿನಲ್ಲಿ ಹೇಳುತ್ತಾರೆ, ನಾನು ನಡುವೆ. ಗರ್ಭಿಣಿಯಾಗಿದ್ದಾಗ ಎಲ್ಲಿದ್ದಿರಿ, ತೋಟ ಎಷ್ಟು ದೂರ, ಕಾಯಿಲೆ ಶುರುವಾದದ್ದು ಯಾವ ತಿಂಗಳು. ಅಕ್ಕ ತಿಂಗಳು ಹೇಳುವುದು ಭೂತದ ಕೋಲ, ದೇವಸ್ಥಾನದ ಆಯನದ ಲೆಕ್ಕದಲ್ಲಿ. ಬರೆದುಕೊಳ್ಳುವವರಿಗೆ ತಾರೀಕು ಬೇಕು.

ಆಮೇಲೆ ಕಾಗದ. ಹುಡುಗಿಯ ಅಪ್ಪನ ಹೆಸರು ಐತ್ತಪ್ಪ. ಕನ್ನಡ ಶಾಲೆಯ ದಾಖಲೆಯಲ್ಲಿ ಐತಪ್ಪ. ರೇಶನ್ ಕಾರ್ಡಿನಲ್ಲಿ ಮಲಯಾಳದವರು ಬರೆಯುವಾಗ ಬೇರೆ ಏನೋ ಆಗಿದೆ. ಆಧಾರಿನಲ್ಲಿ ಇಂಗ್ಲಿಷ್ ಅಕ್ಷರ, ಅದರಲ್ಲಿ ಹೆಸರಿನ ಮೊದಲ ಅಕ್ಷರವೇ ಬೇರೆ. ಮಂಗಳೂರಿನ ಆಸ್ಪತ್ರೆಯ ಚೀಟಿಯಲ್ಲಿ ಮನೆತನದ ಹೆಸರೂ ಸೇರಿಕೊಂಡಿದೆ. ನಾಲ್ಕು ಕಾಗದ, ನಾಲ್ಕು ಅಪ್ಪಂದಿರು. ಇವರೆಲ್ಲ ಒಬ್ಬರೇ ಅಂತ ಒಂದು ಸರ್ಟಿಫಿಕೇಟ್ ತನ್ನಿ ಅಂದರು ಒಂದು ಆಫೀಸಿನಲ್ಲಿ. ತಂದೆವು. ಅದರಲ್ಲಿ ಮಗಳ ಹುಟ್ಟಿದ ವರ್ಷ ತಪ್ಪು ಬಿದ್ದಿತ್ತು. ಅಕ್ಕ ನಗಾಡಿದರು. "ಮದ್ದು ಬಿಡುವಾಗ ಮಾತ್ರ ಯಾರೂ ನಮ್ಮ ಹೆಸರು ಕೇಳಲಿಲ್ಲ ಮಾರಾಯ್ರೇ" ಅಂದರು.

ಕನ್ನಡದಲ್ಲಿ ಅರ್ಜಿ ಕೊಡುವ ಹಕ್ಕು ನಮಗೆ ಕಾನೂನಿನಲ್ಲೇ ಇದೆ. ಕೊಡಬಹುದು. ಓದುವವರು ಸೀಟಿನಲ್ಲಿ ಇರಬೇಕಲ್ವಾ? ಇಲ್ಲದಿದ್ದರೆ ಅರ್ಜಿ ಅಲ್ಲೇ ಕೂರುತ್ತದೆ, ನಾವು ಇಲ್ಲಿ ಕೂರುತ್ತೇವೆ. ಹಾಗಾಗಿ ಹಕ್ಕನ್ನು ಜೇಬಿನಲ್ಲಿಟ್ಟುಕೊಂಡು ಮಲಯಾಳದಲ್ಲೇ ಬರೆಸುತ್ತೇವೆ.

ತಪ್ಪು ತಿಳಿಯಬೇಡ, ಇದು ಮಲಯಾಳಿಗಳ ಮೇಲಿನ ಜಗಳ ಅಲ್ಲ. ಲೀಲಾಕುಮಾರಿ ಅಮ್ಮ ಮಲಯಾಳಿ. ವಯಸ್ಸಾದ ಸಾಮಾಜಿಕ ಕಾರ್ಯಕರ್ತೆ ದಯಾಬಾಯಿ 2022ರಲ್ಲಿ ನಮ್ಮ ಜಿಲ್ಲೆಗೋಸ್ಕರ ಸೆಕ್ರೆಟರಿಯೇಟ್ ಎದುರು ಉಪವಾಸ ಮಾಡಿದರು. ದಕ್ಷಿಣದ ಪೆರಿಯ, ಚೀಮೇನಿ ಕಡೆಯ ಮಲಯಾಳಿ ಅಮ್ಮಂದಿರೂ ಇದೇ ಪಟ್ಟಿಯ ಹಿಂದೆ ಓಡುತ್ತಿದ್ದಾರೆ. ಅವರಿಗೆ ಅರ್ಧ ಕಷ್ಟ ಕಮ್ಮಿ, ಅಷ್ಟೇ.

ಪಟ್ಟಿಗೆ ಸೇರಿದವರ ಕಥೆಯೂ ಕೇಳು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಪ್ರತಿಯೊಬ್ಬರಿಗೂ ಮೂರು ತಿಂಗಳೊಳಗೆ 5 ಲಕ್ಷ ಕೊಡಿ ಅಂದಿತು. 2022ರಲ್ಲಿ ಅದೇ ಕೋರ್ಟು ತಿರುಗಿ ನೋಡಿದರೆ, 3,704 ಜನರಲ್ಲಿ ಸಿಕ್ಕಿದ್ದು 8 ಜನರಿಗೆ. ಅದೂ ಅವರು ನ್ಯಾಯಾಂಗ ನಿಂದನೆ ಕೇಸು ಹಾಕಿದ್ದಕ್ಕೆ. ಕೋರ್ಟು ಛೀಮಾರಿ ಹಾಕಿದ ಮೇಲೆ ದುಡ್ಡು ಹೊರಟಿತು. ಐದು ವರ್ಷದಲ್ಲಿ ಎಷ್ಟು ಮಕ್ಕಳು ಸತ್ತಿರಬಹುದು ಅಂತ ನೀನೇ ಯೋಚಿಸು.

ಇನ್ನು ನಿನ್ನ ನಂಬರ್ ಒನ್ ಆಸ್ಪತ್ರೆ. ನಮ್ಮ ಜಿಲ್ಲೆಯ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಅಡಿಗಲ್ಲು ಹಾಕಿದ್ದು 2013ರಲ್ಲಿ. 2020ರಲ್ಲಿ ಕೋವಿಡ್ ಬಂದಾಗ ಓಡೋಡಿ ಅದರ ಒಂದು ಕಟ್ಟಡವನ್ನು ಆಸ್ಪತ್ರೆ ಮಾಡಿದರು. ಹತ್ತು ವರ್ಷ ಕಳೆದರೂ ಪೂರ್ತಿ ಕಾಲೇಜಾಗಲಿಲ್ಲ. ಅದಕ್ಕೇ ನಾವು ಯಾವಾಗಲೂ ಮಂಗಳೂರು. ಆ ದಾರಿಯೂ 2020ರ ಮಾರ್ಚ್‌ನಲ್ಲಿ ಮುಚ್ಚಿತು. ಮುಚ್ಚಿದ್ದು ಕೇರಳ ಅಲ್ಲ, ನಿಮ್ಮ ಕರ್ನಾಟಕ. ಗಡಿಯ ತಲಪಾಡಿಯಲ್ಲಿ ಆಂಬುಲೆನ್ಸ್ ನಿಲ್ಲಿಸಿದರು. ಒಳರಸ್ತೆಗಳಿಗೆ ಲಾರಿಯಲ್ಲಿ ಮಣ್ಣು ತಂದು ಸುರಿದರು. ಡಯಾಲಿಸಿಸ್ ಮಾಡಿಸುವವರು, ಹೃದಯದ ಕಾಯಿಲೆಯವರು ಗಡಿಯಲ್ಲಿ ಸಿಕ್ಕಿಬಿದ್ದರು. ಹತ್ತಕ್ಕೂ ಹೆಚ್ಚು ಜನ ಚಿಕಿತ್ಸೆ ಸಿಗದೆ ಸತ್ತರೆಂದು ಆಗ ವರದಿಯಾಯಿತು. ಅವರಲ್ಲಿ ಎಷ್ಟು ಜನ ಕನ್ನಡದವರು ಅಂತ ಮಣ್ಣು ಸುರಿದವರು ಕೇಳಿರಲಿಕ್ಕಿಲ್ಲ. ರಾಜ್ಯೋತ್ಸವಕ್ಕೆ ನಮ್ಮನ್ನು ಗಡಿನಾಡ ಕನ್ನಡಿಗರು ಅಂತ ವೇದಿಕೆಗೆ ಕರೆದು ಶಾಲು ಹಾಕುತ್ತೀರಿ. ಶಾಲು ಬೇಡ, ರಸ್ತೆ ಬಿಡಿ ಅಂದಿದ್ದೆವು ಆಗ.

ಎಂಡೋಸಲ್ಫಾನ್ ಕೂಡ ಬರೀ ನಮ್ಮದಲ್ಲ. ಬೆಳ್ತಂಗಡಿ ಕಡೆಯ ಕೊಕ್ಕಡ, ಪಟ್ರಮೆಗೆ ಹೋಗಿ ನೋಡು. ಅಲ್ಲೂ ಗೇರು ತೋಟ, ಅಲ್ಲೂ ಸರಕಾರಿ ನಿಗಮ, ಅಲ್ಲೂ ಹಾಸಿಗೆ ಹಿಡಿದ ಮಕ್ಕಳು. ಬೆಳ್ಳೂರಿನ ಮಿಂಚಿಪದವು ತೋಟದಲ್ಲಿ, ಅಂದರೆ ಸರೀ ಗಡಿಯಲ್ಲಿ, ಉಳಿದ ಮದ್ದನ್ನು ಬಾವಿಗೆ ಹಾಕಿ ಮುಚ್ಚಿದ್ದಾರೆ ಅನ್ನುವ ದೂರು ಹಸಿರು ನ್ಯಾಯಮಂಡಳಿಯ ತನಕ ಹೋಗಿದೆ. ಮಣ್ಣು, ನೀರು ಪರೀಕ್ಷೆಗೆ ಕೊಂಡುಹೋದರು. ಹಾಗಾಗಿ ಇನ್ನೂ ಯಾಕೆ ಕೂಗುತ್ತೀರಿ ಅನ್ನುವುದನ್ನು ನಿಮ್ಮ ಪುತ್ತೂರು, ಬೆಳ್ತಂಗಡಿಯವರಿಗೂ ಒಮ್ಮೆ ಕೇಳು.

ಅಕ್ಕನ ಮಗಳ ಫೈಲು ಈಗ ಮತ್ತೆ ಪರಿಶೀಲನೆಗೆ ಹೋಗಿದೆ. ಈ ಸಲ ಅಪ್ಪನ ಹೆಸರು ಎಲ್ಲ ಕಾಗದದಲ್ಲೂ ಒಂದೇ ಇದೆ. ಅಮ್ಮನ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚು ಇದೆ ಅಂತ ಮೊನ್ನೆ ಫೋನ್ ಬಂತು. ಸೋಮವಾರ ಹೋಗಬೇಕು. ನೀನು ಊರಿಗೆ ಬರುವುದಾದರೆ ಮಂಗಳವಾರ ಬಾ.