ಕಾಲುಗುರಿನ ಫಂಗಸ್: ಕೋಡ್ ಆಮೇಲೆ, ಮೊದಲು ಚಾರ್ಟ್ ಓದಿ

ಈ ಸಲವೂ ಕಾಲುಗುರಿನ ಫಂಗಸ್ಸಿನ ಪ್ರಶ್ನೆಗಳೇ ಜಾಸ್ತಿ ಬಂದಿವೆ. ರಾತ್ರಿ ಪಾಳಿಯಲ್ಲಿ ಕೂತು ಅಮೆರಿಕದ ರೋಗಿಗಳ ಚಾರ್ಟ್ ಓದಿ ಬಿಲ್ಲಿಗೆ ಕೋಡ್ ಹಾಕುವ ನಮ್ಮ ಕಡೆಯ ಹುಡುಗ-ಹುಡುಗಿಯರಿಗೆ ಈ ಉಗುರು ಯಾಕೆ ಇಷ್ಟು ಕಾಡುತ್ತದೋ! ಅದೇ ಉತ್ತರ ಬರೆದು ಬರೆದು ನನಗೂ ಸಾಕಾಗಿದೆ. ಇವತ್ತು ಒಂದು ಪ್ರಶ್ನೆಯನ್ನು ಪೂರ್ತಿ ಬಿಡಿಸುತ್ತೇನೆ. ಐಸಿಡಿ, ಸಿಪಿಟಿ ಅಂದರೆ ಏನು ಅಂತ ಕೇಳಿದವರಿಗೆ: ಐಸಿಡಿ ಕಾಯಿಲೆಯ ಕೋಡ್, ಸಿಪಿಟಿ ಚಿಕಿತ್ಸೆಯ ಕೋಡ್. ಉಳಿದದ್ದಕ್ಕೆ ದಯವಿಟ್ಟು ಪುಸ್ತಕ ತೆರೆಯಿರಿ.

ಪ್ರಶ್ನೆ: ಮೇಡಂ, ಚಾರ್ಟಿನಲ್ಲಿ ಇದ್ದದ್ದು ಇಷ್ಟೇ: "ಡಯಾಬಿಟಿಸ್ ಇದೆ. ಹತ್ತೂ ಕಾಲುಗುರು ದಪ್ಪ, ಹಳದಿ, ಪುಡಿಪುಡಿ. ಡಿಬ್ರೈಡ್ ಮಾಡಲಾಯಿತು. 9 ವಾರ ಬಿಟ್ಟು ಬರಲಿ." ನಾನು ಬಿ35.1 (ಉಗುರಿನ ಫಂಗಸ್) ಮತ್ತು 11721 (ಡಿಬ್ರೈಡ್, ಅಂದರೆ ಉಗುರಿನ ದಪ್ಪ ಇಳಿಸಿದ್ದು) ಹಾಕಿದೆ. ಮೆಡಿಕೇರ್ (ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ) ಕ್ಲೇಮ್ ತಿರಸ್ಕರಿಸಿತು. ಟೀಮ್ ಲೀಡ್ ನನ್ನದೇ ತಪ್ಪು ಅಂತಾರೆ. (ಗೋಕುಲ ರೋಡ್, ಹುಬ್ಬಳ್ಳಿ)

ಟೀಮ್ ಲೀಡ್ ಹೇಳಿದ್ದು ಸರಿ. ಆ ಚಾರ್ಟನ್ನು ಇನ್ನೊಮ್ಮೆ ಓದಿ. ಫಂಗಸ್ ಅನ್ನುವ ಮಾತು ಎಲ್ಲಿದೆ? ದಪ್ಪ, ಹಳದಿ, ಪುಡಿಪುಡಿ ಅಂತ ಡಾಕ್ಟರ್ ಕಂಡದ್ದನ್ನು ಬರೆದಿದ್ದಾರೆ, ಕಾಯಿಲೆಯ ಹೆಸರು ಬರೆದಿಲ್ಲ. ಸೋರಿಯಾಸಿಸ್ಸಿನಲ್ಲೂ ಉಗುರು ಹೀಗೇ ಆಗುತ್ತದೆ. ಬಿಗಿ ಶೂ ಹಾಕಿ ವರ್ಷಗಟ್ಟಲೆ ಪೆಟ್ಟು ತಿಂದ ಉಗುರೂ ಹೀಗೇ. ವಯಸ್ಸಾದರೂ ಹೀಗೇ. ರೋಗ ಕಂಡುಹಿಡಿಯುವುದು ನಿಮ್ಮ ಕೆಲಸ ಅಲ್ಲ. ಅವರು ಬರೆದ ಮಾತಿಗೆ ಎಲ್60 (ಉಗುರಿನ ತೊಂದರೆಗಳ) ಗುಂಪಿನಲ್ಲಿ ಯಾವುದು ಹೊಂದುತ್ತದೋ ಅದನ್ನೇ ಹಾಕಬೇಕು. "ಫಂಗಸ್ ಇರಬಹುದು" ಅಂತ ಬರೆದಿದ್ದರೂ ಹೊರರೋಗಿ ಚಾರ್ಟಿನಲ್ಲಿ ಬಿ35.1 ಆಗುವುದಿಲ್ಲ. ಅನುಮಾನಕ್ಕೆ ಅಲ್ಲಿ ಕೋಡ್ ಇಲ್ಲ.

ಹಾಗಂತ ಡಾಕ್ಟರಿಗೆ "ಫಂಗಸ್ ಅಂತ ಸೇರಿಸಿಬಿಡಿ" ಎಂದು ಕ್ವೆರಿ ಕಳಿಸಬೇಡಿ. ಅದು ಉತ್ತರವನ್ನು ಬಾಯಿಗೆ ತುರುಕಿದಂತೆ. "ಉಗುರಿನ ಈ ಬದಲಾವಣೆಗೆ ನೀವು ಕೊಡುವ ಡಯಾಗ್ನೋಸಿಸ್ ಏನು?" ಅಂತ ಕೇಳಿ, ಸುಮ್ನೆ ಕಾಯಿರಿ.

ಫಂಗಸ್ ಅಂತಲೇ ಬರೆದಿದ್ದರು ಅಂದುಕೊಳ್ಳೋಣ. ಆಗಲೂ ದುಡ್ಡು ಬರುತ್ತಿರಲಿಲ್ಲ. ಮೆಡಿಕೇರ್ ಮಾಮೂಲಿ ಪಾದದ ಆರೈಕೆಗೆ ಹಣ ಕೊಡುವುದಿಲ್ಲ, ಉಗುರು ಕತ್ತರಿಸುವುದೂ ಅದರಲ್ಲೇ ಬಂತು. ಕೊಡಬೇಕಾದರೆ ಕಾರಣ ಚಾರ್ಟಿನಲ್ಲಿ ಕಾಣಬೇಕು. ಬರೀ "ಡಯಾಬಿಟಿಸ್ ಇದೆ" ಅಂದರೆ ಕಾರಣ ಆಗಲ್ಲ. ಕಾಲಿನ ರಕ್ತಸಂಚಾರ ಅಥವಾ ನರ ಕೆಟ್ಟಿದೆ ಅಂತ ತೋರಿಸಬೇಕು. ಅಲ್ಲಿಗೆ ಕ್ಯೂ7, ಕ್ಯೂ8, ಕ್ಯೂ9 ಮಾಡಿಫಯರ್ (ಕೋಡಿನ ಜೊತೆ ಸೇರಿಸುವ ಗುರುತು) ಬರುತ್ತವೆ. ಕಾಲಿನ ಲಕ್ಷಣಗಳನ್ನು ಎ, ಬಿ, ಸಿ ಅಂತ ಮೂರು ಗುಂಪು ಮಾಡಿದ್ದಾರೆ. ಪೆಟ್ಟಿನಿಂದಲ್ಲದೆ ರೋಗದಿಂದ ಪಾದವನ್ನೋ ಅದರ ಭಾಗವನ್ನೋ ತೆಗೆದಿದ್ದರೆ ಅದು ಎ ಗುಂಪು, ಕ್ಯೂ7. ಬಿ ಗುಂಪಿನ ಎರಡು ಲಕ್ಷಣ ಇದ್ದರೆ ಕ್ಯೂ8. ಬಿ ಒಂದು, ಸಿ ಎರಡು ಇದ್ದರೆ ಕ್ಯೂ9. ಪಾದದ ಮೇಲಿನ ನಾಡಿ ಸಿಗದಿದ್ದರೆ ಒಂದು ಬಿ, ಕಾಲಿನ ಗಿಣ್ಣಿನ ಹಿಂದಿನ ನಾಡಿ ಸಿಗದಿದ್ದರೆ ಇನ್ನೊಂದು ಬಿ. ಇಲ್ಲೇ ಎಲ್ಲರೂ ಎಡವುತ್ತಾರೆ. "ನಾಡಿ ಕಡಿಮೆ ಇದೆ" ಅಂದರೆ "ನಾಡಿ ಇಲ್ಲ" ಅಂತಲ್ಲ. ಕಡಿಮೆ ಅಂತ ಬರೆದದ್ದನ್ನು ನೀವು ಇಲ್ಲ ಮಾಡಿ ಕ್ಯೂ8 ಹಾಕಿದರೆ ಆಡಿಟ್‌ನಲ್ಲಿ ಸಿಕ್ಕಿಬೀಳುತ್ತೀರಿ. ಡಯಾಬಿಟಿಸ್ ರೋಗಿ ಆದರೆ, ಅದಕ್ಕೆ ಔಷಧ ಕೊಡುವ ಡಾಕ್ಟರನ್ನು ಹಿಂದಿನ 6 ತಿಂಗಳೊಳಗೆ ಕಂಡ ತಾರೀಖೂ ಬೇಕು. ನಿಮ್ಮ ಚಾರ್ಟಿನಲ್ಲಿ ಅದೂ ಇಲ್ಲ.

ಇನ್ನೊಂದು ದಾರಿ ಇದೆ. ಇಂಥ ದೊಡ್ಡ ಕಾಯಿಲೆ ಇಲ್ಲದಿದ್ದರೂ, ಫಂಗಸ್ ಹಿಡಿದ ಉಗುರು ದಪ್ಪವಾಗಿ ನಡೆಯಲು ಕಷ್ಟ, ನೋವು, ಅಥವಾ ಮೇಲೆ ಇನ್ನೊಂದು ಸೋಂಕು ಆಗಿದೆ ಅಂತ ಬರೆದಿದ್ದರೆ ಡಿಬ್ರೈಡ್‌ಮೆಂಟಿಗೆ ಹಣ ಸಿಗಬಹುದು. ಬಲಗಾಲ ಬೆರಳಿನ ನೋವು ಎಂ79.674, ಎಡಗಾಲಿನದು ಎಂ79.675. ನೋವು ಅಂತ ಚಾರ್ಟಿನಲ್ಲಿ ಇದ್ದರೆ ಮಾತ್ರ, ನೆನಪಿರಲಿ.

ಇನ್ನು 11721. ಡಿಬ್ರೈಡ್ ಅಂದರೆ ಬರೀ ತುದಿ ಕತ್ತರಿಸುವುದಲ್ಲ, ಉಗುರಿನ ದಪ್ಪವನ್ನೇ ಇಳಿಸುವುದು. ಒಂದರಿಂದ ಐದು ಉಗುರಿಗೆ 11720, ಆರು ಅಥವಾ ಜಾಸ್ತಿಗೆ 11721. ಎರಡನ್ನೂ ಒಟ್ಟಿಗೆ ಹಾಕುವಂತಿಲ್ಲ, ಉಗುರಿಗೊಂದು ಯೂನಿಟ್ ಅಂತಲೂ ಇಲ್ಲ. ತುದಿ ಕತ್ತರಿಸಿದ್ದಕ್ಕೆ ಬೇರೆ ಕೋಡ್: ಚೆನ್ನಾಗಿರುವ ಉಗುರಿಗೆ 11719, ಕೆಟ್ಟ ಉಗುರಿಗೆ ಜಿ0127. ಯಾವ ಯಾವ ಬೆರಳು, ಯಾವುದರಿಂದ ಇಳಿಸಿದರು ಅಂತ ಡಾಕ್ಟರ್ ಬರೆದಿದ್ದರೆ ಚಾರ್ಟ್ ಗಟ್ಟಿ. ಪ್ರತಿ ಭೇಟಿಗೂ ಅದೇ ವಾಕ್ಯ ಕಾಪಿ ಪೇಸ್ಟ್ ಆಗಿದ್ದರೆ ಆಡಿಟರ್‌ಗೆ ಮೊದಲು ಕಾಣುವುದೇ ಅದು. ಅಂದಹಾಗೆ, 9 ವಾರ ಯಾಕೆ ಗೊತ್ತಾ? 60 ದಿನದೊಳಗೆ ಮತ್ತೆ ಮಾಡಿದರೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಚಾರ್ಟ್ ಬರೆಯುವುದು ಬಾರದಿದ್ದರೂ ಆ ಲೆಕ್ಕ ಮಾತ್ರ ಡಾಕ್ಟರಿಗೆ ಪಕ್ಕಾ ಬರುತ್ತದೆ.

ಪ್ರಶ್ನೆ: ಶುಗರ್ ಮತ್ತು ಫಂಗಸ್ ಎರಡೂ ಇದ್ದರೆ ಇ11.628 (ಟೈಪ್ 2 ಡಯಾಬಿಟಿಸ್ ಜೊತೆ ಚರ್ಮದ ತೊಂದರೆ) ಹಾಕಬಹುದಲ್ವಾ? (ಗದಗ)

ಇಲ್ಲ. ಒಂದರಿಂದ ಇನ್ನೊಂದು ಬಂತು ಅಂತ ಡಾಕ್ಟರ್ ಬರೆದರೆ ಮಾತ್ರ.

ಪ್ರಶ್ನೆ: ಎಡ ಹೆಬ್ಬೆರಳಿಗೆ ಬೇರೆ ಬಿ35.1 ಇದೆಯಾ? (ರಾಣೇಬೆನ್ನೂರು)

ಇಲ್ಲ. ಹುಡುಕಬೇಡಿ.

ಪ್ರಶ್ನೆ: ಬೆರಳ ಸಂದಿಯ ಫಂಗಸ್ಸಿಗೂ ಅದೇ ಕೋಡಾ? (ಧಾರವಾಡ)

ಚರ್ಮದ್ದು ಬಿ35.3. ಕ್ಯಾಂಡಿಡಾ ಅಂತ ಬರೆದಿದ್ದರೆ ಉಗುರಾಗಲಿ ಚರ್ಮವಾಗಲಿ ಬಿ37.2.

ಪ್ರಶ್ನೆ: ನಮ್ಮ ಅವ್ವನ ಕಾಲುಗುರು ಹಳದಿಯಾಗಿದೆ. ಪಕ್ಕದ ಮನೆಯವರು ಬ್ಯಾಟರಿ ನೀರು ಹಚ್ಚಿ ಅಂತಾರೆ. ಮೆಡಿಕಲ್ ಶಾಪಿನವರು ಟರ್ಬಿನಾಫಿನ್ (ಫಂಗಸ್ಸಿನ ಮಾತ್ರೆ) ಕೊಟ್ಟಿದ್ದಾರೆ. ಶುಗರ್ ಕೂಡ ಇದೆ. (ಹಾವೇರಿ)

ಬ್ಯಾಟರಿ ನೀರು ಅಂದರೆ ಆಸಿಡ್ ರೀ! ಹಚ್ಚಿದರೆ ಕಾಲು ಸುಡುತ್ತದೆ. ನಾನು ಕೋಡರ್, ಡಾಕ್ಟರ್ ಅಲ್ಲ. ಆದರೂ ಇಷ್ಟು ಹೇಳುತ್ತೇನೆ: ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಉಗುರಿನ ಚೂರು ತೆಗೆದು ಫಂಗಸ್ ಇದೆಯಾ ಅಂತ ನೋಡುವ ಕೆಒಎಚ್ ಪರೀಕ್ಷೆ ಮಾಡಿಸುತ್ತಾರೆ. ಆ ಮಾತ್ರೆ ಕಾಲುಗುರಿಗೆ ಸಾಮಾನ್ಯವಾಗಿ 12 ವಾರ ನುಂಗಬೇಕು, ಮೊದಲು ಲಿವರ್ ಟೆಸ್ಟ್ ಬೇಕು. ಅಂಗಡಿಯವರು ಅದನ್ನು ಕೇಳಿದ್ರಾ? ಅಲ್ಲಿಯತನಕ ಬ್ಲೇಡ್ ಹಿಡಿದು ಅವ್ವನ ಉಗುರು ಕೆರೆಯಬೇಡಿ. ಶುಗರ್ ಇದ್ದವರ ಕಾಲಿನ ಸಣ್ಣ ಗಾಯವೂ ಬೇಗ ಮಾಯುವುದಿಲ್ಲ.

ಪ್ರಶ್ನೆ: ವಾಟ್ಸ್ಆ್ಯಪ್‌ನಲ್ಲಿ ಬಂದ "ಉಗುರು ಕೋಡ್" ಪಿಡಿಎಫ್ ಬಾಯಿಪಾಠ ಮಾಡಿದರೆ ಸಿಪಿಸಿ (ಕೋಡರ್‌ಗಳ ಪರೀಕ್ಷೆ) ಪಾಸಾಗಬಹುದಾ? ಕೋಚಿಂಗ್‌ನವರು ಕೆಲಸ ಗ್ಯಾರಂಟಿ ಅಂದಿದ್ದಾರೆ. (ನವನಗರ, ಹುಬ್ಬಳ್ಳಿ)

ಆ ಪರೀಕ್ಷೆಗೆ ಪುಸ್ತಕ ಇಟ್ಟುಕೊಂಡೇ ಕೂರಬಹುದು. 100 ಪ್ರಶ್ನೆ, 4 ಗಂಟೆ. ಬಾಯಿಪಾಠ ಯಾಕೆ? ಆ ಪಿಡಿಎಫ್ ನನಗೂ ಬಂದಿತ್ತು. ದಪ್ಪ ಉಗುರು ಕಂಡರೆ ಬಿ35.1 ಹಾಕಿ ಅಂತ ಅದರಲ್ಲೇ ಬರೆದಿದೆ. ಐಸಿಡಿ ಪ್ರತಿ ಅಕ್ಟೋಬರ್ 1ಕ್ಕೆ, ಸಿಪಿಟಿ ಜನವರಿ 1ಕ್ಕೆ ಬದಲಾಗುತ್ತದೆ. ಗ್ಯಾರಂಟಿ ಕೊಟ್ಟವರ ಹತ್ತಿರ ಅದನ್ನು ಬರೆದು ಸಹಿ ಹಾಕಿಸಿಕೊಳ್ಳಿ, ಆಮೇಲೆ ಫೀ ಕಟ್ಟಿ.