ಡಿಎ ಇಳಿದಿದ್ದಕ್ಕೆ ಬ್ಯಾಕ್‌ಲಿಂಕ್ ಪ್ಯಾಕೇಜ್ ಬೇಡ, ಹಳೇ ವಿಳಾಸ ಸರಿ ಮಾಡಿ

ಮೇಡಂ, ದಯವಿಟ್ಟು ಆ ಪ್ಯಾಕೇಜಿಗೆ ದುಡ್ಡು ಕಟ್ಟಬೇಡಿ. ಗೂಗಲ್‌ನ ಬ್ಲಾಗರ್‌ನಿಂದ ವರ್ಡ್‌ಪ್ರೆಸ್‌ಗೆ ಬಂದ ಮೇಲೆ ನಿಮ್ಮ ಅಡುಗೆ ಸೈಟಿನ ಡಿಎ (ಡೊಮೇನ್ ಅಥಾರಿಟಿ) 14ರಿಂದ 9ಕ್ಕೆ ಇಳಿಯಿತು, ದುಡ್ಡು ಕೊಟ್ಟು 2000 ಬ್ಯಾಕ್‌ಲಿಂಕ್ (ಬೇರೆ ಸೈಟುಗಳಿಂದ ನಿಮ್ಮ ಸೈಟಿಗೆ ಲಿಂಕ್) ಹಾಕಿಸಿದರೆ ಏರುತ್ತಾ ಅಂತ ಕೇಳಿದ್ದೀರಿ. ಸೈಟು ಬದಲಾಯಿಸಿದಾಗ ನಾನೂ ಇದನ್ನೇ ಮಾಡಿದ್ದೆ. ಅಂಕಿ ಏನೋ ಏರಿತು. ಗೂಗಲ್‌ನಿಂದ ಬರುತ್ತಿದ್ದ ಓದುಗರು ಮಾತ್ರ ವಾಪಸ್ ಬರಲಿಲ್ಲ.

ಡಿಎ ಅನ್ನೋದು ಸರ್ಚ್‌ನಲ್ಲಿ ಸೈಟು ಎಷ್ಟು ಮೇಲೆ ಬರಬಹುದು ಅಂತ ಮಾಝ್ ಕಂಪನಿ ಹಾಕುವ ಅಂದಾಜು. ಗೂಗಲ್ ಅದನ್ನು ಬಳಸುವುದೇ ಇಲ್ಲ. ಕೊಂಡ ಲಿಂಕ್‌ಗಳನ್ನು ಹಿಡಿಯಲು ಗೂಗಲ್ 2012ರಲ್ಲಿ ಪೆಂಗ್ವಿನ್ ಅನ್ನೋ ಸರ್ಚ್ ಬದಲಾವಣೆ ತಂದಿತು. 2016ರಿಂದ ಅಂಥ ಲಿಂಕ್‌ಗಳನ್ನು ಹೆಚ್ಚಾಗಿ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಂದರೆ ದುಡ್ಡು ಹೋಯಿತು ಅಷ್ಟೆ. ತೀರಾ ಅತಿಯಾದರೆ ಸರ್ಚ್ ಕನ್ಸೋಲ್‌ನಲ್ಲಿ (ಸೈಟಿನ ಮಾಲೀಕರಿಗೆ ಗೂಗಲ್ ಕೊಡುವ ಉಚಿತ ಸಾಧನ) ಮ್ಯಾನುಯಲ್ ಆಕ್ಷನ್, ಅಂದರೆ ಗೂಗಲ್‌ನವರೇ ನೋಡಿ ಹಾಕುವ ಶಿಕ್ಷೆ, ಬರಬಹುದು, ಅದರಿಂದ ಹೊರಗೆ ಬರುವುದು ದೊಡ್ಡ ತಲೆನೋವು.

ನೀವು ಗಳಿಸಿದ ಲಿಂಕ್‌ಗಳೆಲ್ಲ ಹಳೇ ವಿಳಾಸಗಳಲ್ಲೇ ಬಿದ್ದಿವೆ. ಕನ್ನಡದಲ್ಲಿ ಶೀರ್ಷಿಕೆ ಕೊಟ್ಟರೆ ಬ್ಲಾಗರ್ ಆ ಅಕ್ಷರಗಳನ್ನು ಬಿಟ್ಟುಬಿಡುತ್ತಿತ್ತು. ಪತ್ರೊಡೆಯ ಬರಹ ಇದ್ದರೂ ವಿಳಾಸದಲ್ಲಿ ವರ್ಷ, ತಿಂಗಳು, ಆಮೇಲೆ ಬರೀ 'ಬ್ಲಾಗ್-ಪೋಸ್ಟ್_17' ಅಂತ ಇರುತ್ತಿತ್ತು. ಬೇರೆ ಬ್ಲಾಗಿನವರು ಇಷ್ಟು ವರ್ಷ ನಿಮಗೆ ಕೊಟ್ಟ ಲಿಂಕ್ ಎಲ್ಲ ಆ ವಿಳಾಸಕ್ಕೇ. ಈಗ ಅದನ್ನು ಒತ್ತಿದರೆ 404, ಅಂದರೆ ಪುಟ ಸಿಗಲಿಲ್ಲ ಅನ್ನೋ ಸಂದೇಶ. ಡೊಮೇನ್ ಅದೇ ಇಟ್ಟುಕೊಂಡಿದ್ದೀರಿ ಅಂತ ಬರೆದಿದ್ದೀರಿ, ಹಾಗಾಗಿ ಕೆಲಸ ಸುಲಭ.

ಸರ್ಚ್ ಕನ್ಸೋಲ್‌ನ ಲಿಂಕ್ಸ್ ವಿಭಾಗದಲ್ಲಿ ಹೊರಗಿನಿಂದ ಜಾಸ್ತಿ ಲಿಂಕ್ ಇರುವ ಪುಟಗಳ ಪಟ್ಟಿ ಇದೆ, ಅದನ್ನು ಡೌನ್‌ಲೋಡ್ ಮಾಡಿ. ವರ್ಡ್‌ಪ್ರೆಸ್‌ನಲ್ಲಿ ರೀಡೈರೆಕ್ಷನ್ ಅನ್ನೋ ಉಚಿತ ಪ್ಲಗಿನ್ (ಸೈಟಿಗೆ ಸೇರಿಸುವ ಪುಟ್ಟ ತಂತ್ರಾಂಶ) ಹಾಕಿ. ಅದರ 404 ಲಾಗ್, ಅಂದರೆ ಸಿಗದ ವಿಳಾಸಗಳ ಪಟ್ಟಿ, ಒಂದೆರಡು ವಾರ ಗಮನಿಸಿ. 'ಬ್ಲಾಗ್-ಪೋಸ್ಟ್' ಸಾಲುಗಳು ಒಂದರ ಹಿಂದೆ ಒಂದು ಬರುತ್ತವೆ. ಎರಡೂ ಪಟ್ಟಿ ಸೇರಿಸಿ, ಪ್ರತಿ ಹಳೇ ವಿಳಾಸಕ್ಕೂ ಅದೇ ಬರಹದ ಹೊಸ ವಿಳಾಸಕ್ಕೆ 301 (ಒತ್ತಿದವರನ್ನು ಹೊಸ ವಿಳಾಸಕ್ಕೆ ಕಾಯಂ ಆಗಿ ತಿರುಗಿಸುವ ಸೂಚನೆ) ಕೊಡಿ. ಬರಹಗಳನ್ನು ವರ್ಡ್‌ಪ್ರೆಸ್‌ನ ಬ್ಲಾಗರ್ ಇಂಪೋರ್ಟರ್‌ನಿಂದ ತಂದಿದ್ದರೆ ಹಳೇ ವಿಳಾಸ ಪ್ರತಿ ಪೋಸ್ಟಿನ ಕಸ್ಟಮ್ ಫೀಲ್ಡ್‌ನಲ್ಲೇ (ಪೋಸ್ಟಿನ ಜೊತೆ ಇರುವ ಹೆಚ್ಚುವರಿ ಮಾಹಿತಿಯ ಜಾಗ) ಉಳಿದಿರುತ್ತದೆ, ಯಾವ ನಂಬರು ಯಾವ ಬರಹ ಅಂತ ಹುಡುಕಾಡಬೇಕಿಲ್ಲ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಮೊಬೈಲಿನಿಂದ ಹಂಚಿದ ಬ್ಲಾಗರ್ ಲಿಂಕಿನ ಕೊನೆಗೆ '?ಎಂ=1' ಅಂತ ಬಾಲ ಇರುತ್ತದೆ. ಪ್ಲಗಿನ್‌ನಲ್ಲಿ ಕ್ವೆರಿ ಪ್ಯಾರಾಮೀಟರ್ (ಆ ಬಾಲ) ಇಗ್ನೋರ್ ಅಂತ ಇಡದಿದ್ದರೆ ಆ ಲಿಂಕ್‌ಗಳೆಲ್ಲ ಮತ್ತೆ 404ಗೇ ಹೋಗುತ್ತವೆ. ಇನ್ನು, ಎಲ್ಲ ಹಳೇ ವಿಳಾಸಗಳನ್ನೂ ಹೋಮ್‌ಪೇಜಿಗೆ ತಿರುಗಿಸಿ ಅಂತ ನಿಮ್ಮ ಪ್ರಶ್ನೆಗೆ ಉತ್ತರ ಕೊಟ್ಟ ಒಬ್ಬರು ಹೇಳಿದ್ದಾರೆ. ಸರ್, ಹಾಗೆ ಹೇಳಬೇಡಿ. ಗೂಗಲ್ ಅದನ್ನು ಸಾಫ್ಟ್ 404, ಅಂದರೆ ಪುಟ ಇಲ್ಲದ ಹಾಗೆಯೇ, ಅಂತಲೇ ನೋಡುತ್ತದೆ, ಪತ್ರೊಡೆ ಹುಡುಕಿ ಬಂದವರಿಗೂ ಪತ್ರೊಡೆ ಸಿಗುವುದಿಲ್ಲ. 301 ಕನಿಷ್ಠ ಒಂದು ವರ್ಷ ಇರಲಿ ಅಂತ ಗೂಗಲ್ ಹೇಳುತ್ತದೆ. ನನ್ನನ್ನು ಕೇಳಿದರೆ ತೆಗೆಯಲೇಬೇಡಿ.

ವಿಳಾಸದ ಮಾತು ಬಂತು ಅಂತ ಇನ್ನೊಂದು. ಹೊಸ ಪೋಸ್ಟಿಗೆ ಉದ್ದನೆಯ ಕನ್ನಡ ಸ್ಲಗ್ (ವಿಳಾಸದ ಕೊನೆಯಲ್ಲಿ ಬರುವ ಬರಹದ ಹೆಸರು) ಬಿಡಬೇಡಿ. 'ಕ' ಒಂದೇ ಅಕ್ಷರ ಒಳಗೆ '%ಇ0%ಬಿ2%95' ಅಂತ ಒಂಬತ್ತು ಅಕ್ಷರ ಆಗುತ್ತದೆ. ಗುಣಿತ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. ವರ್ಡ್‌ಪ್ರೆಸ್ ಸ್ಲಗ್ಗನ್ನು ಇಂಥ 200 ಅಕ್ಷರಕ್ಕೆ ಕತ್ತರಿಸುತ್ತದೆ. ವಾಟ್ಸಾಪಿನಲ್ಲಿ ಅಂಟಿಸಿದರೆ ನೋಡುವುದಕ್ಕೂ ಹೆದರಿಕೆ. ಇಂಗ್ಲಿಷ್ ಅಕ್ಷರದಲ್ಲಿ ಪುಟ್ಟದಾಗಿ ಕೊಡಿ, ಶೀರ್ಷಿಕೆ ಕನ್ನಡದಲ್ಲೇ ಇರಲಿ. ಹಳೆಯ ಪೋಸ್ಟುಗಳ ಸ್ಲಗ್ ಮಾತ್ರ ಸುಮ್ನೆ ಮುಟ್ಟಬೇಡಿ.

ಅಂಕಿ ನೋಡಲೇಬೇಕು ಅಂದರೆ ಎಚ್‌ರೆಫ್ಸ್‌ನ ವೆಬ್‌ಮಾಸ್ಟರ್ ಟೂಲ್ಸ್ ಸ್ವಂತ ಸೈಟಿಗೆ ಉಚಿತ, ನನಗೆ ಅದೇ ಇಷ್ಟ. ಅದರ ಡಿಆರ್ (ಡೊಮೇನ್ ರೇಟಿಂಗ್) ಬರೀ ಲಿಂಕ್‌ಗಳ ಲೆಕ್ಕ. ಇಂಥದೇ ಇನ್ನೊಂದು ಸಾಧನ ಸೆಮ್‌ರಶ್‌ನ ಅಥಾರಿಟಿ ಸ್ಕೋರ್‌ನಲ್ಲಿ ಟ್ರಾಫಿಕ್ಕೂ (ಸೈಟಿಗೆ ಬರುವ ಓದುಗರು) ಸೇರುತ್ತದೆ, ಆದರೆ ಚಿಕ್ಕ ಸೈಟಿಗೆ ಅದರ ಚಂದಾ ದಂಡ. ಒಂದರ ಅಂಕಿಯನ್ನು ಇನ್ನೊಂದಕ್ಕೆ ಹೋಲಿಸಬೇಡಿ. ಡಿಎ ಬೇರೆ ಸೈಟುಗಳಿಗೆ ಹೋಲಿಸಿ ಕೊಡುವ ಅಂಕಿ, ನೀವು ಏನೂ ಮಾಡದಿದ್ದರೂ ಇಳಿಯಬಹುದು. ದಿನಾ ಇಲ್ಲಿ ಡಿಎ ಸ್ಕ್ರೀನ್‌ಶಾಟ್ ಹಾಕುವವರು ಇದನ್ನು ಸ್ವಲ್ಪ ಓದಿಕೊಳ್ಳಿ.

ಡಿಎ 40 ಇರುವ ಹಳೇ ಡೊಮೇನ್ ಮಾರುತ್ತೇವೆ ಅಂತಲೂ ನಿಮಗೆ ಮೆಸೇಜ್ ಬರುತ್ತದೆ. ಅವಧಿ ಮುಗಿದ ಡೊಮೇನ್ ಹಿಡಿದು ಅದರ ಹೆಸರಿನ ಮೇಲೆ ಬೇರೇನೋ ನಡೆಸುವುದನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ಸ್ಪ್ಯಾಮ್ ಪಟ್ಟಿಗೆ ಸೇರಿಸಿದೆ. ಉತ್ತರವನ್ನೇ ಕೊಡಬೇಡಿ. ವಿಕಿಪೀಡಿಯದಲ್ಲಿ ನಿಮ್ಮ ಲಿಂಕ್ ತುರುಕುವುದೂ ಬೇಡ, ಅಲ್ಲಿಯ ಹೊರಲಿಂಕ್ ಎಲ್ಲ ನೋಫಾಲೋ, ಅಂದರೆ ಈ ಲಿಂಕಿಗೆ ಬೆಲೆ ಕೊಡಬೇಡಿ ಅಂತ ಸರ್ಚ್ ಎಂಜಿನ್‌ಗೆ ಹೇಳುವ ಗುರುತು.

ಹೊಸ ಲಿಂಕ್ ಬೇಕಾದರೆ ನಿಮ್ಮ ಫೋಟೋ ಬಳಸಿಕೊಂಡು ಹೆಸರಷ್ಟೇ ಹಾಕಿರುವವರಿಗೆ ಒಂದು ಸಾಲು ಬರೆದು, ಮೂಲ ಬರಹಕ್ಕೆ ಲಿಂಕ್ ಕೊಡಿ ಅಂತ ಕೇಳಿ. ಬಹಳ ಜನ ಕೊಡುತ್ತಾರೆ. ಆದರೆ ಅದು ಆಮೇಲೆ. ಮೊದಲು 404 ಲಾಗ್ ತೆಗೆದು ಮೇಲಿನ ಹತ್ತು ಸಾಲು ಇಲ್ಲಿ ಹಾಕಿ, ಯಾವುದನ್ನು ಎಲ್ಲಿಗೆ ತಿರುಗಿಸಬೇಕು ಅಂತ ಒಟ್ಟಿಗೆ ನೋಡೋಣ.